ಹುಸಿ ಎರೆ ಮತ್ತು ರಾಗಿ ಉಂಡೆ: ಮಲೆ ಮಹದೇಶ್ವರ ಬೆಟ್ಟ ಸೀಮೆಯ ಕಾವೇರಿಯಲ್ಲಿ ಬಿಳಿಮೀನಿನ ಗಾಳಬೇಟೆಯ ಚರಿತ್ರೆ

ಶಿವನಸಮುದ್ರದ ಜಲಪಾತಗಳನ್ನು ಇಳಿದ ಕಾವೇರಿಯು ಹೊಗೇನಕಲ್ಲನ್ನು ತಲುಪುವವರೆಗೆ ಬಹುಮಟ್ಟಿಗೆ ಕಾಡಿನ ಕಣಿವೆಯೊಳಗೆ ಹರಿಯುತ್ತದೆ. ಎಡದಂಡೆಯಲ್ಲಿ ಮಳವಳ್ಳಿ ಮತ್ತು ಕನಕಪುರ ಸೀಮೆಗಳು, ಬಲದಂಡೆಯಲ್ಲಿ ಕೊಳ್ಳೇಗಾಲ ಮತ್ತು ಹನೂರು ಸೀಮೆಗಳಿವೆ. ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಯಳಂದೂರಿನ ಮೂಲಕ ಸಾಗುವ ಸುವರ್ಣಾವತಿ ಅಥವಾ ಹೊನ್ನುಹೊಳೆ ಜಲಪಾತಕ್ಕೆ ಮೊದಲೇ ಕಾವೇರಿಯನ್ನು ಸೇರುತ್ತದೆ. ಕೆಳಗೆ ಎಡಗಡೆಯಿಂದ ಶಿಂಷಾ ಮತ್ತು ಅರ್ಕಾವತಿ, ಬಲಗಡೆಯಿಂದ ಉಡುತೊರೆ ಹಳ್ಳ ಮತ್ತು ಪಾಲಾರ್ ಕೂಡುತ್ತವೆ. ಮಲೆ ಮಹದೇಶ್ವರ ಬೆಟ್ಟದ ಸಾಲುಗಳು ಈ ಕಣಿವೆಯ ದಕ್ಷಿಣದ ಗೋಡೆಯಂತಿವೆ. ಶಿವರಾತ್ರಿಯ ಮುನ್ನಾ ದಿನಗಳಲ್ಲಿ ಕನಕಪುರದ ಕಡೆಯ ಮಾದಪ್ಪನ ಭಕ್ತರು ಕಾಲ್ನಡಿಗೆಯಲ್ಲಿ ಬಂದು ಹೊಳೆ ದಾಟಿ ಬೆಟ್ಟ ಹತ್ತುವುದು ನೀರು ಇಳಿದಿರುವ ಕಾಲದಲ್ಲಿ. ಬಿಳಿಮೀನಿಗೆ ಗಾಳ ಹಾಕುವವರ ಹಂಗಾಮೂ ಅದೇ.

ಈ ಸೀಮೆಯ ಶಾಸನಗಳು, ಮಠಗಳು, ಮಹದೇಶ್ವರ ಕಾವ್ಯ, ಸೋಲಿಗರ ಬದುಕು ಇವುಗಳ ಬಗ್ಗೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಹೊಳೆಯ ಮಡುಗಳಲ್ಲಿ ನಡೆದ ಗಾಳಬೇಟೆಯಾದರೋ ಶಿಕಾರಿ ಸಾಹಿತ್ಯದ ವಿಷಯವೆಂದು ಬದಿಗೆ ಸರಿದಿದೆ. ಆದರೆ ಗಾಳದ ತುದಿಗೆ ಏನನ್ನು ಸಿಕ್ಕಿಸಬೇಕು, ಮಿರುಗುವ ಲೋಹದ ಹುಸಿ ಎರೆಯನ್ನೋ ಜೀವಂತ ಮೀನು ಏಡಿಗಳನ್ನೋ ಅಥವಾ ಹಿಟ್ಟಿನ ಉಂಡೆಯನ್ನೋ ಎಂಬ ಪ್ರಶ್ನೆ ಕೇವಲ ಕೈಚಳಕಕ್ಕೆ ಸಂಬಂಧಿಸಿದುದಲ್ಲ. ಯಾರ ತಿಳಿವಳಿಕೆಗೆ ಬೆಲೆ ಬಂದಿತು, ನದಿಯಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ತಿಳಿಯಲು ಈ ಆಯ್ಕೆಯೇ ಒಂದು ಆಕರವಾಗಿ ಪರಿಣಮಿಸಿದ ಬಗೆಯನ್ನು ಪ್ರಸ್ತುತ ಪ್ರಬಂಧದಲ್ಲಿ ಅವಲೋಕಿಸಲಾಗಿದೆ.

ಮೊದಲಿಗೆ ಪದದ ವಿಚಾರ. ಕನ್ನಡದಲ್ಲಿ ‘ಎರೆ’ ಎಂದರೆ ಗಾಳಕ್ಕೆ ಸಿಕ್ಕಿಸುವ ಆಹಾರ. ಹಕ್ಕಿ ಹಾವುಗಳ ಆಹಾರವೂ ಹೌದು. ತಮಿಳಿನ ‘ಇರೈ’ ಇದರ ಸೋದರ ಪದ. ಮಣ್ಣಿನ ಹುಳುವಿಗೆ ‘ಎರೆಹುಳು’ ಎಂಬ ಹೆಸರು ಬಂದುದು ಅದು ಹೊಲಕ್ಕೆ ಮಾಡುವ ಉಪಕಾರದಿಂದಲ್ಲ, ಗಾಳದ ತುದಿಯಲ್ಲಿ ಅದಕ್ಕಿದ್ದ ಉಪಯೋಗದಿಂದ. ಅಂದರೆ ಕನ್ನಡ ಮಾತನಾಡುವ ಜನರ ಕಲ್ಪನೆಯಲ್ಲಿ ಎರೆಯೆಂದರೆ ಮೂಲತಃ ತಿನ್ನುವ ವಸ್ತು. ತಿನ್ನಲಾಗದ, ತಿನಿಸಿನಂತೆ ಕಾಣುವ ಎರೆಯೆಂಬುದು ಹೊರಗಿನಿಂದ ಬಂದ ಕಲ್ಪನೆ. ಅದಕ್ಕೆ ಕಾವೇರಿ ತೀರದ ಆಡುಮಾತಿನಲ್ಲಿ ‘ಸ್ಪೂನು’ ಎಂಬ ಇಂಗ್ಲಿಷ್ ಪದವೇ ನಿಂತುದು ಸಹಜವಾಗಿದೆ.

ಎರೆಯ ಆಯ್ಕೆಯನ್ನು ಶಾಸ್ತ್ರವಾಗಿ ನಿರೂಪಿಸಿದ ಮೊದಲಿಗರಲ್ಲಿ ಕನ್ನಡ ನಾಡಿನ ದೊರೆಯೊಬ್ಬನಿದ್ದಾನೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವಿದೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಇದನ್ನು ಕುರಿತು ಪ್ರಕಟಿಸಿದ ಲೇಖನದಿಂದ ಅದು ವಿದ್ವತ್ ಲೋಕದ ಗಮನಕ್ಕೆ ಬಂದಿತು. ಸಮುದ್ರದ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂದು ವಿಂಗಡಿಸಿ, ಆಯಾ ಜಾತಿಗೆ ತಕ್ಕ ಆಹಾರವನ್ನು ಹೇಳುವುದು ಆ ಗ್ರಂಥದ ಕ್ರಮ. ಕೆಲವಕ್ಕೆ ಧಾನ್ಯದ ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ. ಗಾಳ ಹಾಕುವ ಮುನ್ನ ಅದೇ ಆಹಾರವನ್ನು ನೀರಿಗೆ ಹಾಕಿ ಮೀನನ್ನು ಒಂದೆಡೆಗೆ ಪಳಗಿಸಬೇಕು. ಇದರ ಹಿಂದಿನ ತರ್ಕ ಸರಳವಾದುದು: ಮೀನಿನ ಬಾಯಿ ಏನನ್ನು ಬಯಸುತ್ತದೆಯೋ ಅದನ್ನು ಕೊಡುವುದೇ ಬೇಟೆಯ ಅರ್ಧ ಭಾಗ. ಕಾವೇರಿ ಕಣಿವೆಯ ಜನ ಈ ಗ್ರಂಥವನ್ನು ಓದಿ ಕಲಿತರೆಂದು ಭಾವಿಸಲು ಆಧಾರವಿಲ್ಲ. ಅದರ ಅಗತ್ಯವೂ ಇಲ್ಲ. ಹಿಟ್ಟಿನ ಎರೆಯನ್ನು ಅರಮನೆಯ ವಿನೋದಕ್ಕೆ ತಕ್ಕುದೆಂದು ಪರಿಗಣಿಸಿದ ಪರಂಪರೆಯೊಂದು ಈ ನಾಡಿನಲ್ಲಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಏಕೆಂದರೆ ಮುಂದೆ ಬಂದ ವಸಾಹತುಶಾಹಿ ಗಾಳಗಾರರ ಶ್ರೇಣಿಯಲ್ಲಿ ಅದರ ಸ್ಥಾನ ತೀರ ಕೆಳಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊಳೆ ಎರಡು ಆಡಳಿತಗಳ ನಡುವಿನ ಗಡಿಯಾಗಿತ್ತು. ಎಡದಂಡೆ ಮೈಸೂರು ಸಂಸ್ಥಾನದ್ದು. ಕೊಳ್ಳೇಗಾಲ ತಾಲ್ಲೂಕು ಮದರಾಸು ಅಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಶಿವನಸಮುದ್ರದ ದ್ವೀಪವೂ ಹಾಗೆಯೇ. ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವುದನ್ನು ನಿಷೇಧಿಸಿದ 1897ರ ಮೀನುಗಾರಿಕಾ ಕಾಯಿದೆ ಒಂದು ದಂಡೆಗೆ ಸಂಬಂಧಿಸಿದ್ದರೆ, ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಬೇರೆಯೇ ರೆಗ್ಯುಲೇಷನ್ ತಂದಿತು. ಒಂದೇ ಮಡುವಿನ ಮೀನು ಈಜಿದ ಕಡೆಗೆ ತಕ್ಕಂತೆ ಬೇರೆ ಕಾನೂನಿಗೆ ಒಳಪಡುತ್ತಿತ್ತು ಎಂದರೆ ಉತ್ಪ್ರೇಕ್ಷೆಯಾಗದು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೇ ಎರಡೂ ದಂಡೆಗಳು ಒಂದೇ ಆಡಳಿತದ ಕೆಳಗೆ ಬಂದವು.

ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮಹಶೀರ್ ಕುಲದ ಮೀನುಗಳ ಗಾಳಬೇಟೆಯನ್ನು ಇಂಗ್ಲಿಷ್ ಓದುಗರಿಗೆ ಶಾಸ್ತ್ರೀಯವಾಗಿ ತಿಳಿಸಿದ ಮೊದಲ ದೊಡ್ಡ ಗ್ರಂಥವಿದು. ಮುಂದಿನ ಕಾಲು ಶತಮಾನದಲ್ಲಿ ಲಂಡನ್ನಿನಿಂದ ಪರಿಷ್ಕೃತ ಆವೃತ್ತಿಗಳು ಬಂದವು. ಥಾಮಸ್ ಆಡಳಿತಗಾರನ ಕಣ್ಣಿನಿಂದ ಮೀನುಗಾರಿಕೆಯನ್ನು ನೋಡಿದವನು. ಮರಿಗಳ ನಾಶ, ಸಣ್ಣ ಕಣ್ಣಿನ ಬಲೆ, ಹೊಳೆಗೆ ಹಾಕುವ ವಿಷ ಇವುಗಳ ಬಗ್ಗೆ ಅವನಿಗಿದ್ದ ಕಳವಳ ನೈಜವಾದುದು. ಆದರೆ ಗಾಳದ ವಿಚಾರದಲ್ಲಿ ಅವನ ಪೀಳಿಗೆಯವರೆಲ್ಲರಂತೆ ಸಾಲ್ಮನ್ ಮೀನಿನ ನಾಡಿನ ಅಳತೆಗೋಲೇ ಅವನದು. ಆ ಅಳತೆಯಲ್ಲಿ ಕೃತಕ ನೊಣಕ್ಕೆ ಅಗ್ರಸ್ಥಾನ; ಬಳಿಕ ನೀರಿನಲ್ಲಿ ತಿರುಗುತ್ತ ಬರುವ ಸ್ಪೂನು ಅಥವಾ ಸತ್ತ ಸಣ್ಣಮೀನು; ತಳದಲ್ಲಿ ಇಳಿಬಿಟ್ಟು ಕಾಯುವ ಹಿಟ್ಟಿನ ಎರೆ ಕಟ್ಟಕಡೆಯದು. ಅಮೆರಿಕದ ವರ್ಮಾಂಟ್ ಪ್ರಾಂತ್ಯದ ಜೂಲಿಯೊ ಬ್ಯೂಯೆಲ್ 1852ರಲ್ಲಿ ಪೇಟೆಂಟ್ ಪಡೆದ ಲೋಹದ ಚಮಚವು ಕೆಲವೇ ದಶಕಗಳಲ್ಲಿ ಹಿಮಾಲಯದ ತಪ್ಪಲಿನಿಂದ ಕಾವೇರಿಯವರೆಗೆ ಸಾಹೇಬರ ಪೆಟ್ಟಿಗೆಗಳಲ್ಲಿ ಸ್ಥಾನ ಪಡೆಯಿತು.

ಈ ಶ್ರೇಣೀಕರಣವು ಮೀನಿನ ಸ್ವಭಾವಕ್ಕೆ ಎಷ್ಟು ಹೊಂದುತ್ತಿತ್ತೆಂಬುದನ್ನು ಪರಿಶೀಲಿಸಬೇಕು. ಮಹಶೀರ್‌ಗೆ ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲೊಳಗೆ ಬಲವಾದ ಹಲ್ಲುಗಳಿವೆ. ಏಡಿ, ಬಸವನಹುಳು, ಚಿಪ್ಪುಜೀವಿಗಳನ್ನು ಅವುಗಳಿಂದಲೇ ನುಚ್ಚು ಮಾಡುತ್ತದೆ. ದಂಡೆಯ ಅತ್ತಿಮರಗಳಿಂದ ಉದುರಿದ ಹಣ್ಣು, ಪಾಚಿ, ಹುಳು, ಸಣ್ಣಮೀನು ಎಲ್ಲವೂ ಅದರ ಆಹಾರ. ದೇವಸ್ಥಾನಗಳ ಮಡುಗಳಲ್ಲಿ ಅದು ಪುರಿ, ಅನ್ನಕ್ಕೆ ಮುತ್ತುವುದನ್ನು ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯಲ್ಲೇ ಕಾಣಬಹುದು. ಇಂಥ ಸರ್ವಭಕ್ಷಕ ಮೀನು ಸ್ಪೂನಿಗೆ ಬೀಳುವುದು ಅದು ಬೇಟೆಯಾಡುವ ಗಳಿಗೆಯಲ್ಲಿ ಮಾತ್ರ: ಮುಂಜಾವು, ಮುಸ್ಸಂಜೆ, ಹರಿವಿನ ಅಂಚು, ತಿಳಿನೀರು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುದಾಗಾರವೂ ಮುಂದೆ ಮೇಲ್ಭಾಗದಲ್ಲಿ ಕೃಷ್ಣರಾಜಸಾಗರವೂ ಬಂದಮೇಲೆ ಕೆಳಗಿನ ಕಣಿವೆಯಲ್ಲಿ ನೀರಿನ ಏರಿಳಿತ ಮಳೆಯೊಂದನ್ನೇ ಅವಲಂಬಿಸಿ ಉಳಿಯಲಿಲ್ಲ. ಕದಡಿದ ನೀರಿನಲ್ಲಿ ಮಿರುಗು ಕಾಣದು; ವಾಸನೆ ಮತ್ತು ರುಚಿಯಾದರೋ ತಲುಪುತ್ತವೆ. ಜೊತೆಗೆ ಈ ಹೊಳೆಯ ತಳವೆಲ್ಲ ಬಂಡೆಯ ಸಂದುಗಳು. ಎಳೆಯುತ್ತ ಬರುವ ಸ್ಪೂನು ಬಂಡೆಗೆ ಸಿಕ್ಕಿ ಹೋದರೆ ಹೊರದೇಶದ ಹಣ ಹೋದಂತೆ. ಹಿಟ್ಟಿನ ಉಂಡೆ ಹೋದರೆ ಇನ್ನೊಂದು ಉಂಡೆ.

ಆ ಹಿಟ್ಟು ರಾಗಿಯದು. ಕೊಳ್ಳೇಗಾಲ, ಹನೂರು, ಕನಕಪುರ ಸೀಮೆಗಳ ಮನೆಮನೆಯ ಊಟವೇ ಹೊಳೆಯ ಎರೆಯೂ ಆಯಿತು. ಆದರೆ ಗಾಳದ ರಾಗಿ ಊಟದ ಮುದ್ದೆಯಲ್ಲ. ಮುದ್ದೆಗೆ ಕುದಿಯುವ ನೀರಿಗೆ ಹಿಟ್ಟು ಹಾಕಿ ತಿರುವುತ್ತಾರೆ. ಎರೆಗಾದರೆ ಹಿಟ್ಟನ್ನು ಮೊದಲೇ ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸಿ, ಮತ್ತೆ ನಾದುತ್ತಾರೆ. ಕೆಲವರು ಸೋಂಪು ಮುಂತಾದ ಮಸಾಲೆ ಸೇರಿಸುವುದುಂಟು. ಹೀಗೆ ಮಾಡಿದ ಉಂಡೆ ರಬ್ಬರಿನಂತೆ ಬಿಗಿಯಾಗಿ, ಹರಿವಿನಲ್ಲಿ ಕರಗದೆ ಬಹುಹೊತ್ತು ನಿಲ್ಲುತ್ತದೆ. ಇದರ ನಿಜವಾದ ಗುಣ ಇಲ್ಲಿದೆ. ಎರೆಹುಳು ಅಥವಾ ಮೆತ್ತನೆಯ ಹಿಟ್ಟನ್ನು ತಳದ ಸಣ್ಣಮೀನುಗಳು ಕೆಲವೇ ನಿಮಿಷಗಳಲ್ಲಿ ಕುಟುಕಿ ಬರಿದು ಮಾಡುತ್ತವೆ. ಬೇಯಿಸಿ ನಾದಿದ ರಾಗಿಯನ್ನು ಅವು ಸುಲಭವಾಗಿ ಮುಗಿಸಲಾರವು. ದೊಡ್ಡ ಮೀನು ಬರುವವರೆಗೆ ಎರೆ ಕಾದಿರುತ್ತದೆ. ನಿಂಬೆಯಿಂದ ಕಿತ್ತಳೆಯವರೆಗಿನ ಗಾತ್ರದಲ್ಲಿ ದೊಡ್ಡ ಒಂಟಿ ಗಾಳಕ್ಕೆ ಉಂಡೆಯನ್ನು ಮೆತ್ತಿ, ಮೇಲೆ ದಾರಕ್ಕೆ ಸೀಸದ ತಂತಿ ಸುತ್ತಿ, ಹರಿಗೋಲಿನಿಂದಲೋ ಬಂಡೆಯ ಮೇಲಿಂದಲೋ ಮಡುವಿನ ಬಾಯಿಗೆ ಎಸೆಯುವುದು ಪದ್ಧತಿ. ಮುಂದಿನದೆಲ್ಲ ಬೆರಳಿನ ಕೆಲಸ: ದಾರದ ಮೇಲಿಟ್ಟ ಬೆರಳು ಸಣ್ಣಮೀನಿನ ಕುಟುಕನ್ನೂ ಬಿಳಿಮೀನಿನ ಎಳೆತವನ್ನೂ ಬೇರ್ಪಡಿಸಿ ತಿಳಿಯಬೇಕು. ‘ಕಾಯುವುದಷ್ಟೇ’ ಎಂದು ಶಿಕಾರಿ ಗ್ರಂಥಗಳು ಕಡೆಗಣಿಸಿದ ಈ ವಿಧಾನದಲ್ಲಿ ಅಡುಗೆಯ ಜ್ಞಾನ, ಹೊಳೆಯ ತಳದ ಜ್ಞಾನ, ಮೀನಿನ ನಡೆಯ ಜ್ಞಾನ ಮೂರೂ ಬೆರೆತಿದ್ದವು.

ಜೀವಂತ ಎರೆಯ ವಿಚಾರ ಸ್ವಲ್ಪ ಭಿನ್ನ. ಹೊಳೆಯ ಏಡಿ ಮತ್ತು ಸಣ್ಣಮೀನುಗಳನ್ನು ಇಲ್ಲಿಯ ಗಾಳಗಾರರು ಬಳಸುತ್ತಿದ್ದರು. ದೊಡ್ಡ ಬಿಳಿಮೀನಿಗೆ ಏಡಿ ಒಳ್ಳೆಯ ಎರೆಯೆಂಬ ನಂಬಿಕೆ ನಿರಾಧಾರವಲ್ಲವೆಂಬುದನ್ನು ಅದರ ಗಂಟಲ ಹಲ್ಲುಗಳೇ ಹೇಳುತ್ತವೆ. ಆದರೆ ಅದನ್ನು ಹಿಡಿಯುವುದು, ಬದುಕಿಸಿ ಇಡುವುದು ಬೇರೆಯೇ ಕೆಲಸ. ಉತ್ತರ ಅಮೆರಿಕದ ಸರೋವರಗಳಲ್ಲಿ ವಾಲ್‌ಐ ಎಂಬ ಮೀನಿಗೆ ಜಿಗಣೆ, ಹುಳು, ಮರಿಮೀನುಗಳನ್ನು ಸಿಕ್ಕಿಸಬೇಕೋ ಬಣ್ಣದ ಕೃತಕ ಎರೆಗಳನ್ನು ಎಳೆಯಬೇಕೋ ಎಂಬ ವಾದ ಈಗಲೂ ಬಗೆಹರಿದಿಲ್ಲ. ಅಲ್ಲಿ ಜೀವಂತ ಎರೆಯನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಒಯ್ಯುವುದರ ಮೇಲೆ ಹಲವು ಪ್ರಾಂತ್ಯಗಳು ನಿರ್ಬಂಧ ಹೇರಿವೆ, ಎರೆಯ ಜೊತೆಯಲ್ಲಿ ಪರಕೀಯ ಜೀವಿಗಳು ಹರಡುತ್ತವೆಂಬ ಕಾರಣದಿಂದ. ರಾಗಿಗೆ ಆ ದೋಷವಿಲ್ಲ. ಕಾವೇರಿಗೆ ಹೊರಗಿನ ಮೀನು ಬಂದದ್ದು ಗಾಳದ ತುದಿಯಿಂದಲ್ಲ, ಮರಿ ಬಿಡುವ ಯೋಜನೆಗಳಿಂದ ಎಂಬುದನ್ನು ಮುಂದೆ ನೋಡಲಿದ್ದೇವೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ದಾಖಲೆಗಳು ತೂಕದ ದಾಖಲೆಗಳು. 1919ರಲ್ಲಿ ಕಾವೇರಿಯಲ್ಲಿ ಮೇಜರ್ ರಿವೆಟ್ ಕಾರ್ನಾಕ್ ಹಿಡಿದ 119 ಪೌಂಡಿನ ಮೀನು, 1946ರಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಎಂದರೆ ಸುಮಾರು 54 ಕಿಲೋಗ್ರಾಮಿನ ಮೀನು ಇವು ಮತ್ತೆ ಮತ್ತೆ ಉಲ್ಲೇಖಗೊಂಡವು. ಸ್ವಾತಂತ್ರ್ಯಾನಂತರ ಇಂಗ್ಲಿಷ್ ಶಿಕಾರಿ ಲೋಕವು ದಕ್ಷಿಣದ ಮಹಶೀರ್ ಮುಗಿದೇ ಹೋಯಿತೆಂದು ಬಗೆದಿತ್ತು. 1978ರಲ್ಲಿ ಇಂಗ್ಲೆಂಡಿನ ಟ್ರಾನ್ಸ್ ವರ್ಲ್ಡ್ ಗಾಳಗಾರರ ತಂಡವು ಕಾವೇರಿಯಲ್ಲಿ ಬೃಹತ್ ಮೀನುಗಳನ್ನು ಹಿಡಿದಾಗ ಆ ಅಭಿಪ್ರಾಯ ಬದಲಾಯಿತು. ಹೊಳೆಯ ದಂಡೆಯ ಬೆಸ್ತರಿಗೆ ಇದು ಹೊಸ ಸುದ್ದಿಯಾಗಿರಲಾರದು. 1972ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಕಾಯುವ ಹೊಣೆ ಹೊತ್ತಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುವುದು ಇಲ್ಲಿನ ನಿಯಮವಾಯಿತು. ಬಲದಂಡೆಯ ಗೋಪಿನಾಥಂ ಕಡೆಯ ಕಾಡು ಆಗ ವೀರಪ್ಪನ್ ಕಾರ್ಯಾಚರಣೆಯ ನೆರಳಿನಲ್ಲಿತ್ತು. ಶಿಬಿರಗಳೆಲ್ಲ ಎಡದಂಡೆಯಲ್ಲಿದ್ದರೂ ಎರಡೂ ದಂಡೆಯ ಮೀನು ಒಂದೇ.

ಈ ಶಿಬಿರಗಳಲ್ಲಿ ಅತಿಥಿಗಳಿಗೆ ಸಹಾಯಕರಾಗಿ ನಿಂತವರು ಸ್ಥಳೀಯ ಮೀನುಗಾರರು. ಅವರಲ್ಲಿ ಹಿಂದೆ ಕದ್ದು ಬಲೆ, ಸಿಡಿಮದ್ದು ಬಳಸಿದವರೂ ಇದ್ದರು. ವಿದೇಶಿಯರು ತಂದ ಸ್ಪೂನು, ಫಿನ್‌ಲೆಂಡಿನ ಮರದ ಹುಸಿಮೀನುಗಳು ಬಳಕೆಯಲ್ಲಿದ್ದರೂ ಪ್ರಧಾನ ಎರೆ ರಾಗಿಯೇ ಆಯಿತು. ಶಿಕಾರಿ ಗ್ರಂಥಗಳ ಶ್ರೇಣಿ ಹೀಗೆ ಹೊಳೆಯ ದಂಡೆಯಲ್ಲಿ ತಲೆಕೆಳಗಾಯಿತು. ಗೆದ್ದ ಎರೆ ರಾಗಿಯದಾದರೂ ಪ್ರಸಿದ್ಧಿ ಮಾತ್ರ ಮೀನನ್ನು ಎತ್ತಿ ಹಿಡಿದು ಚಿತ್ರ ತೆಗೆಸಿಕೊಂಡವರದು. ಉಂಡೆ ಬೇಯಿಸಿದವರ ಹೆಸರು ಬಹುತೇಕ ದಾಖಲೆಗಳಲ್ಲಿಲ್ಲ.

ಈ ಆಯ್ಕೆಯ ಚಾರಿತ್ರಿಕ ಮಹತ್ವ ಶಿಬಿರದ ದಿನಚರಿ ಪುಸ್ತಕಗಳಲ್ಲಿದೆ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ವಿವರಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಅವರು 2015ರಲ್ಲಿ ವಿಶ್ಲೇಷಿಸಿದರು. ಒಟ್ಟು 23,620 ಗಂಟೆಗಳ ಗಾಳದ ಶ್ರಮ, 6,161 ಮಹಶೀರ್‌ಗಳು. ತೂಕ ಅರ್ಧ ಕಿಲೋಗ್ರಾಮಿನಷ್ಟರಿಂದ 45 ಕಿಲೋಗ್ರಾಮಿಗೂ ಮೇಲೆ. ಹಿಡಿದ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು, ಸರಾಸರಿ ತೂಕ ಇಳಿಯಿತು. ಮೇಲುನೋಟಕ್ಕೆ ಇದು ಸಂರಕ್ಷಣೆಯ ಯಶಸ್ಸು. ಆದರೆ ಮೀನುಗಳನ್ನು ಬಗೆಗನುಸಾರ ಬೇರ್ಪಡಿಸಿದಾಗ ಕಂಡ ಚಿತ್ರ ಬೇರೆಯಾಗಿತ್ತು. ಬೆನ್ನುಬ್ಬಿದ ಬಿಳಿಮೀನು, ಅಂದರೆ ಹಳೆಯ ತೂಕದ ದಾಖಲೆಗಳನ್ನು ನಿರ್ಮಿಸಿದ ಮೀನು, 1998ರಲ್ಲಿ ನಾಲ್ಕು ನೀಲಿರೆಕ್ಕೆಯ ಮೀನುಗಳಿಗೆ ಒಂದರಂತೆ ಸಿಗುತ್ತಿದ್ದುದು 2012ರ ಹೊತ್ತಿಗೆ 218ಕ್ಕೆ ಒಂದಕ್ಕೆ ಇಳಿದಿತ್ತು. ಏರಿದ ಸಂಖ್ಯೆಯೆಲ್ಲ ನೀಲಿರೆಕ್ಕೆಯದು. ಲೋನಾವಳದ ಟಾಟಾ ಸಂಸ್ಥೆಯ ಕೇಂದ್ರದಲ್ಲಿ 1970ರ ದಶಕದಿಂದ ಬೆಳೆಸಿದ ಈ ಜಾತಿಯ ಮರಿಗಳನ್ನು ಸಂರಕ್ಷಣೆಯ ಹೆಸರಿನಲ್ಲೇ ಕಾವೇರಿಗೂ ಬಿಡಲಾಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಗಾಳದ ದಾಖಲೆ ಹೊಳೆಯ ಗಣತಿಯಾಗಬಲ್ಲುದೇ? ಎರೆ ಬದಲಾದರೆ ಬೀಳುವ ಮೀನೂ ಬದಲಾಗುತ್ತದಲ್ಲವೇ? ಹುಸಿ ಎರೆಗಳ ದಾಖಲೆಯಾಗಿದ್ದರೆ ಈ ಆಕ್ಷೇಪಕ್ಕೆ ಉತ್ತರ ಹೇಳುವುದು ಕಷ್ಟವಿತ್ತು. ಪ್ರತಿ ಅತಿಥಿಯೂ ತನ್ನದೇ ಗಾತ್ರ, ಬಣ್ಣ, ತಯಾರಿಕೆಯ ಎರೆ ತರುತ್ತಾನೆ. ವರ್ಷ ವರ್ಷಕ್ಕೆ ಮಾರುಕಟ್ಟೆಗೆ ಹೊಸದು ಬರುತ್ತದೆ. ಅವನ ಕೈ ಎಳೆಯುವ ವೇಗವೂ ಫಲವನ್ನು ನಿರ್ಧರಿಸುತ್ತದೆ. ರಾಗಿ ಉಂಡೆಯಾದರೋ 1998ರಲ್ಲೂ 2012ರಲ್ಲೂ ರಾಗಿ ಉಂಡೆಯೇ. ಅದನ್ನು ಬೇಯಿಸಿ ಗಾಳಕ್ಕೆ ಮೆತ್ತಿದವರೂ ಹೊಳೆ ಬಲ್ಲ ಸ್ಥಳೀಯರೇ. ತೀರ ಸಣ್ಣ ಮರಿಗಳು ಈ ಉಂಡೆಗೆ ಬೀಳುವುದಿಲ್ಲ ಎಂಬ ಮಿತಿ ಇದೆ, ನಿಜ. ಆದರೆ ಒಂದೆರಡು ಕಿಲೋಗ್ರಾಮಿನ ನೀಲಿರೆಕ್ಕೆಯ ಮೀನುಗಳು ಇದೇ ಎರೆಗೆ ಹೇರಳವಾಗಿ ಬೀಳುತ್ತಿದ್ದಾಗ, ಅದೇ ಪ್ರಾಯದ ಬೆನ್ನುಬ್ಬಿದ ಮೀನು ಕಾಣದೆ, ಕಡೆಗಡೆಗೆ ಅದರ ದೊಡ್ಡ ಮೀನುಗಳಷ್ಟೇ ಸಿಕ್ಕವು. ಈ ಕೊರತೆಗೆ ಎರೆಯನ್ನು ಹೊಣೆ ಮಾಡಲು ಬರುವುದಿಲ್ಲ. ಹಳೆಯ ಮೀನುಗಳು ಉಳಿದು ಹೊಸ ಪೀಳಿಗೆ ಹುಟ್ಟದೆ ಹೋಯಿತೆಂಬ ನಿರ್ಣಯಕ್ಕೆ ಹೀಗೆ ಬಲ ಬಂದಿತು. ಶಿಕಾರಿ ಗ್ರಂಥಗಳು ಕೀಳೆಂದು ಎಣಿಸಿದ ಎರೆಯೇ ಸ್ಥಿರವಾದ ಅಳತೆಗೋಲಾಗಿ ಒದಗಿತು ಎಂಬುದು ಗಮನಾರ್ಹ.

ಅವನತಿಗೆ ಮರಿ ಬಿಡುವಿಕೆಯೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಕೆಳಗೆ 1934ರ ಮೆಟ್ಟೂರು ಅಣೆಕಟ್ಟು, ಮೇಲೆ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳು, ಮರಳು ತೆಗೆಯುವಿಕೆ, ಸಿಡಿಮದ್ದು, ಅರ್ಕಾವತಿ ಹೊತ್ತು ತರುವ ನಗರದ ಕೊಳಚೆ ಇವೆಲ್ಲ ಸೇರಿ ಈ ಕಣಿವೆಯನ್ನು ಒತ್ತಿವೆ. 1987ರಲ್ಲಿ ಕಾವೇರಿ ವನ್ಯಜೀವಿ ಧಾಮವೂ 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿ ಧಾಮವೂ ಘೋಷಣೆಯಾದವು. ಅಭಯಾರಣ್ಯದೊಳಗಿನ ಗಾಳಬೇಟೆಯು ವನ್ಯಜೀವಿ ಕಾನೂನಿಗೆ ಹೊಂದುವುದಿಲ್ಲವೆಂಬ ನಿಲುವಿನಿಂದ 2012ರ ವೇಳೆಗೆ ಶಿಬಿರಗಳ ಗಾಳ ನಿಂತಿತು. ಕಾನೂನಿನ ದೃಷ್ಟಿಯಿಂದ ಅದು ಸಮರ್ಥನೀಯವಾಗಿರಬಹುದು. ಆದರೆ ಅದರೊಂದಿಗೆ ದಿನಚರಿ ಪುಸ್ತಕವೂ ಮುಚ್ಚಿತು, ಹೊಳೆಯ ಮೇಲೆ ಹಗಲಿರುಳು ಇರುತ್ತಿದ್ದ ಸಹಾಯಕರ ಕಾವಲೂ ಹೋಯಿತು.

ಬೆನ್ನುಬ್ಬಿದ ಬಿಳಿಮೀನಿಗೆ ಆಗ ಇನ್ನೂ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಒಂದೂವರೆ ಶತಮಾನ ಅದು ಬೇರೆ ಬೇರೆ ಹೆಸರುಗಳಡಿ ಗೊಂದಲದಲ್ಲಿತ್ತು. ಪಿಂಡರ್ ಮತ್ತು ಸಂಗಡಿಗರು ಮೋಯಾರ್ ನದಿಯಿಂದ ದೊರೆತ ಮೀನುಗಳನ್ನು ಪರೀಕ್ಷಿಸಿ, ಇದು ಕೇರಳದ ಪಾಂಬಾರ್ ಹೊಳೆಯಿಂದ ಮೊದಲು ವರ್ಣಿತವಾದ ಟಾರ್ ರೆಮಾದೇವಿಯೇ ಎಂದು ತೋರಿಸಿದ್ದು 2018ರಲ್ಲಿ. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಯೆಂದು ಸೇರಿತು. ಗಾಳಿಬೋರೆಯ ಪುಸ್ತಕದ ಕೊನೆಯ ನಮೂದಾಗಿ ಆಗ ಆರು ವರ್ಷಗಳಾಗಿದ್ದವು.